ಬ್ಯಾಸ್ ರಾಡ್, ಬಸ್!

ಮೀನು ಹಿಡಿಯುವ ಗಾಳ ಆರಿಸಲು ಒಳ್ಳೆಯ ಇಂಗ್ಲಿಷ್ ಬಂದರೆ ಸಾಕು ಎಂದು ಕಳೆದ ಚಳಿಗಾಲದವರೆಗೂ ನಾನು ದೃಢವಾಗಿ ನಂಬಿದ್ದೆ. ಇಂಗ್ಲಿಷ್ ನನ್ನಲ್ಲಿ ಧಾರಾಳವಾಗಿತ್ತು. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ತುಟಿ ತಿದ್ದಿ, ನಾಲಿಗೆ ಪಳಗಿಸಿ ಕಲಿಸಿದ ಇಂಗ್ಲಿಷ್! ಹಾಗೆ ಕಲಿಸುವವರು ಈಗಿಲ್ಲ. ಹಾಗೆ ಮಾತಾಡಿದರೆ ನಿಂತು ಕೇಳುವವರೂ ಇಲ್ಲ. ದೋಹಾದ ಅಲ್ ಸದ್ದ್‌ನ ನಮ್ಮ ಫ್ಲ್ಯಾಟಿನಲ್ಲಿ ಅದು ಶೋಕೇಸಿನೊಳಗಿನ ಬೆಳ್ಳಿ ಚಮಚದಂತೆ ಕಪ್ಪಾಗುತ್ತಾ ಬಿದ್ದಿತ್ತು. ಅದನ್ನು ಉಜ್ಜಿ ಹೊರತೆಗೆಯುವ ಅವಕಾಶ ಬಂದದ್ದು ನನ್ನ ಯಜಮಾನರ ಮಂಡಿಯಿಂದ.

ಯಜಮಾನರು ವಾಲ್ಟರ್. ಜೀವಮಾನವೆಲ್ಲ ಇಲ್ಲಿಯ ಶಿಪ್ಪಿಂಗ್ ಆಫೀಸೊಂದರಲ್ಲಿ ದುಡಿದು ರಿಟೈರ್ ಆದವರು. ಈಗ ಮಗಳು ರೀಟಾ ಮತ್ತು ಅಳಿಯನ ಜೊತೆ ಇದ್ದೇವೆ. ಮಂಡಿಯ ಆಪರೇಷನ್ ಆದ ಮೇಲೆ ವಾಲ್ಟರ್ ಸೋಫಾ ಬಿಟ್ಟು ಏಳಲಿಲ್ಲ. ಮಂಡಿಯೇನೋ ವಾಸಿಯಾಯಿತು, ಮನಸ್ಸು ಮಾತ್ರ ಬ್ಯಾಂಡೇಜಿನಲ್ಲೇ ಉಳಿಯಿತು. “ಹೇಗಾದರೂ ಇವರನ್ನು ಹೊರಗೆ ನಡೆಸಿ. ಹೀಗೇ ಕೂತರೆ ಆ ಕಾಲು ನಡೆಯುವುದನ್ನೇ ಮರೆಯುತ್ತದೆ” ಎಂದು ಡಾಕ್ಟರ್ ನನ್ನ ಮುಖ ನೋಡಿ ಹೇಳಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ರೀಟಾ ಮಾಲ್‌ಗೆ ಕರೆದಳು; ಕಾಲು ನೋವು ಎಂದರು. ಇಲ್ಲಿ ವಾರದ ರಜೆ ಶುಕ್ರವಾರ; ಅಬು ಹಮೂರ್‌ನ ಚರ್ಚಿಗೆ ಅಂದಿನ ಪೂಜೆಗೆ ನಾನು ಕರೆದೆ. “ದೇವರು ಎಲ್ಲ ಕಡೆ ಇದ್ದಾನೆ, ಹಿಲ್ಡಾ. ಸೋಫಾದ ಹತ್ತಿರವೂ ಇದ್ದಾನೆ” ಎಂದರು!

ದಿನವಿಡೀ ಅವರ ಟಿವಿಯಲ್ಲಿ ಒಂದೇ ವಿಡಿಯೊ. ಯಾವುದೋ ಸರೋವರದಲ್ಲಿ ದೋಣಿಯ ಮೇಲೆ ಕೂತ ಒಬ್ಬ ಅಮೆರಿಕನ್. ಸಪೂರ ರಾಡು, ಪುಟ್ಟ ರೀಲು, ಕೂದಲಿನಂಥ ಲೈನು, ತುದಿಯಲ್ಲಿ ನೇರಳೆ ಬಣ್ಣದ ರಬ್ಬರ್ ಹುಳ. ಹುಳವನ್ನು ನಯವಾಗಿ ಅಲುಗಿಸಿ ‘ಬ್ಯಾಸ್’ ಎಂಬ ಮೀನನ್ನು ಮರುಳು ಮಾಡುವ ಈ ವಿದ್ಯೆಗೆ ಅವನು ಇಟ್ಟ ಹೆಸರು ‘ಫಿನೆಸ್ ಫಿಶಿಂಗ್’.

ಫಿನೆಸ್! ಆ ಶಬ್ದ ಕಿವಿಗೆ ಬಿದ್ದಾಗ ನನ್ನ ಎದೆ ಜುಮ್ಮೆಂದಿತು. ಟೀ ಕಪ್ಪು ಸದ್ದು ಮಾಡಿ ಇಟ್ಟರೆ ನಮ್ಮ ಸಿಸ್ಟರ್ ಹೇಳುತ್ತಿದ್ದ ಮಾತು ಅದು: “ಫಿನೆಸ್, ಗರ್ಲ್ಸ್, ಫಿನೆಸ್!” ಇವರು ಇಷ್ಟು ನೋಡುತ್ತಾರೆಂದರೆ ಇವರಿಗೆ ಆಸೆ ಇರಲೇಬೇಕು. ಅದೇ ಸಾಮಾನು ಕೊಂಡು ಕೈಗಿಟ್ಟರೆ ಎದ್ದು ಸಮುದ್ರಕ್ಕೆ ನಡೆಯಲೇಬೇಕು. ಆರಿಸುವ ಹೊಣೆಯನ್ನು ನಾನೇ ಹೊತ್ತೆ.

ಕೆಳಗಿನ ಮಹಡಿಯ ಝೊಹರಾ ಜೊತೆಗೆ ಬಂದಳು. ಪುತ್ತೂರಿನ ಬ್ಯಾರಿ ಹುಡುಗಿ, ನನ್ನನ್ನು ಆಂಟಿ ಎನ್ನುತ್ತಾಳೆ. ಅಂಗಡಿಯಲ್ಲಿ ಟೆಂಟು, ಬಾರ್ಬೆಕ್ಯೂ ಒಲೆಗಳ ನಡುವೆ ಗಾಳದ ರಾಡುಗಳೂ ಇದ್ದವು. ಸೇಲ್ಸ್‌ಮ್ಯಾನ್ ಹಿಂದಿಯವನು. ಅವನಿಗೆ ಒಲೆಯ ವಿಷಯ ಗೊತ್ತಿದ್ದಷ್ಟು ಗಾಳದ್ದು ಗೊತ್ತಿರಲಿಲ್ಲ.

“ಆಂಟಿ, ನಾನು ಹಿಂದಿಯಲ್ಲಿ ಕೇಳ್ಲಾ?” ಎಂದಳು ಝೊಹರಾ.

“ಬೇಡ ಮಾರಾಯ್ತಿ. ಇದು ಸೂಕ್ಷ್ಮದ ವಿಷಯ.”

ನಾನು ಗಂಟಲು ಸರಿಪಡಿಸಿಕೊಂಡು, “ಎ ಬೇಸ್ ರಾಡ್, ಪ್ಲೀಸ್” ಎಂದೆ. ಚರ್ಚಿನ ಕ್ವಾಯರಿನಲ್ಲಿ ದಪ್ಪ ಸ್ವರದ ಗಂಡಸರನ್ನು ‘ಬೇಸ್’ ಎನ್ನುತ್ತೇವೆ. ಮೀನಿಗೂ ಅವರಿಗೂ ಸ್ಪೆಲಿಂಗ್ ಒಂದೇ. ವಿಡಿಯೊದವನು ‘ಬ್ಯಾಸ್’ ಎಂದದ್ದು, ಪಾಪ, ಅಮೆರಿಕನ್ನರ ದೋಷ ಎಂದು ಮನಸ್ಸಿನಲ್ಲೇ ತಿದ್ದಿದ್ದೆ!

ಆತ ಒಳಗೆ ಹೋಗಿ ಕಬ್ಬಿಣದ ಒಂದು ಸ್ಟ್ಯಾಂಡು ತಂದ. ಮರಳಿನಲ್ಲಿ ಹುಗಿದು ರಾಡು ನಿಲ್ಲಿಸುವಂಥದ್ದು. “ಬೇಸ್, ಮೇಡಮ್. ಬಹುತ್ ಮಜ್ಬೂತ್.”

“ನೋ, ನೋ. ಫಿನೆಸ್.”

“ಫಿನ್ಸ್?” ಆತನ ಮುಖ ಅರಳಿತು. ಈಜುಗಾರರು ಕಾಲಿಗೆ ಹಾಕುವ, ಬಾತುಕೋಳಿಯ ಪಾದದಂಥ ರಬ್ಬರಿನ ಒಂದು ಜೋಡಿ ತಂದ. ನನ್ನ ಪಾದವನ್ನೊಮ್ಮೆ ನೋಡಿ, ಇನ್ನೊಂದು ಸೈಜು ತರಲು ಹೊರಟ!

ಝೊಹರಾ ಟೆಂಟಿನ ಹಿಂದೆ ಹೋಗಿ ನಿಂತಳು. ಅವಳ ಭುಜ ಕುಣಿಯುತ್ತಿತ್ತು.

ಕಾನ್ವೆಂಟಿನ ಇಂಗ್ಲಿಷನ್ನು ಪಕ್ಕಕ್ಕಿಟ್ಟು, ಅಮೆರಿಕನ್‌ಗೆ ಇಳಿಯುವುದೆಂದು ನಿರ್ಧರಿಸಿದೆ. ಬಾಯಿ ಅಗಲಿಸಿ, “ಬ್ಯಾಸ್ ರಾಡ್!” ಎಂದೆ.

“ಬಸ್ ರಾಡ್?” ಎನ್ನುತ್ತಾ ಒಂದು ರಾಡು ತಂದ. “ರೀಲ್ ನಹೀ ಚಾಹಿಯೇ?”

“ಬ್ಯಾಸ್ ರೀಲ್ ಆಲ್ಸೋ!”

“ಬಸ್ ರೀಲ್?” ತಂದಿದ್ದ ರಾಡನ್ನು ಹಿಂದಕ್ಕಿಟ್ಟು ರೀಲು ತಂದ.

“ಬ್ಯಾಸ್ ರಾಡ್!”

ರಾಡು ಬಂತು, ರೀಲು ಹೋಯಿತು. ಹಿಂದಿಯಲ್ಲೂ ಇಲ್ಲಿಯ ಅರಬಿಯಲ್ಲೂ ‘ಬಸ್’ ಅಂದರೆ ‘ಸಾಕು, ಅಷ್ಟೇ’. ಈ ಊರಿನಲ್ಲಿ ಇಷ್ಟು ವರ್ಷ ತರಕಾರಿ ಕೊಂಡ ನನಗೆ ಇದು ಗೊತ್ತಿಲ್ಲವೆಂದಲ್ಲ. ಆದರೆ ಆ ಹೊತ್ತಿಗೆ ನಾನು ಅಮೆರಿಕನ್ ಆಗಿಬಿಟ್ಟಿದ್ದೆ!

ಕೊನೆಗೆ ಬೆರಳು ತೋರಿಸಿಯೇ ಆರಿಸಿದೆ. ರಾಡು: ಅತ್ಯಂತ ಸಪೂರದ್ದು. ಲೈನು: ಆತ ‘ಸಿಕ್ಸ್ ಪೌಂಡ್’ ಎಂದು ಬರೆದದ್ದನ್ನು ಕೊಟ್ಟ. ಆರು ಪೌಂಡು! ವಾಲ್ಟರ್‌ಗೆ ಹಾಲಿನ ಕ್ಯಾನು ಎತ್ತಿದರೆ ಭುಜ ಹಿಡಿಯುತ್ತದೆ. ಲೈನು ತಡೆಯುವ ಭಾರವನ್ನು ಲೈನಿನದೇ ಭಾರವೆಂದು ತಿಳಿದು ‘ಟೂ ಪೌಂಡ್’ ತೆಗೆದುಕೊಂಡೆ. ಹುಳ: ವಿಡಿಯೊದಲ್ಲಿದ್ದಂಥದ್ದೇ, ನೇರಳೆ ರಬ್ಬರಿನದು. ರೀಲು: ಲೈನು ಸುತ್ತಿಕೊಂಡಿದ್ದ ಪ್ಲಾಸ್ಟಿಕ್ ಉರುಟನ್ನು ನೋಡಿ ನನಗೆ ನಗು ಬಂತು. ಹೊಲಿಗೆ ಮೆಷಿನಿಗೆ ಹಾಕುವ ನೂಲಿನ ರೀಲು ಯಾವ ಹೆಂಗಸಿಗೆ ಗೊತ್ತಿಲ್ಲ? ಇದರೊಳಗೇ ರೀಲು ಇರುವಾಗ ಇನ್ನೊಂದು ಕೊಡಲು ನೋಡುತ್ತಾನೆ, ಕಳ್ಳ!

“ರೀಲ್ ಇಸ್ ಹಿಯರ್,” ಎಂದು ಗಂಭೀರವಾಗಿ ಹೇಳಿದೆ. “ಬಸ್.”

ಆ ದಿನ ಅವನಿಗೆ ನನ್ನ ಮಾತು ಪೂರ್ತಿ ಅರ್ಥವಾದದ್ದು ಅದೊಂದೇ.

ಶುಕ್ರವಾರ ಝೊಹರಾಳ ಗಂಡ ಇಸ್ಮಾಯಿಲ್ ಕಾರು ತಂದ. ಎಲ್ಲಿಗೆಂದು ಹೇಳದೆ, ಅತ್ತು ಕರೆದು ವಾಲ್ಟರ್ ಅವರನ್ನು ಹತ್ತಿಸಿದೆವು. ಕಡಲ ದಡದಲ್ಲಿ ಚಾಪೆ ಹಾಸಿದೆವು. ಪಕ್ಕದಲ್ಲಿ ಒಂದು ದೊಡ್ಡ ಮಲಯಾಳಿ ಸಂಸಾರ ಬಿರಿಯಾನಿಯ ಮುಚ್ಚಳ ತೆಗೆಯುತ್ತಿತ್ತು. ನಾನು ರಿಬ್ಬನ್ ಕಟ್ಟಿದ ಉದ್ದನೆಯ ಪೊಟ್ಟಣವನ್ನು ವಾಲ್ಟರ್ ಅವರ ಮಡಿಲಲ್ಲಿಟ್ಟೆ.

“ಫಿನೆಸ್!” ಎಂದೆ.

ಅವರು ಬಿಚ್ಚಿದರು. ರಾಡನ್ನು ಮೇಲೆ ನೋಡಿದರು, ಕೆಳಗೆ ನೋಡಿದರು.

“ರೀಲ್ ಎಲ್ಲುಂಟು, ಹಿಲ್ಡಾ?”

“ನಿಮ್ಮ ಕೈಯಲ್ಲೇ ಉಂಟಲ್ಲ, ಲೈನಿನ ಒಳಗೆ!”

“ಇದು ರೀಲಲ್ಲ ಮಾರಾಯ್ತಿ, ಉರುಟು. ತಿರುಗಿಸಲಿಕ್ಕೆ ಹಿಡಿ ಬೇಡವಾ?” ಮತ್ತೆ ಹುಡುಕಿದರು. “ಕೊಕ್ಕೆ?”

“ಎಂತ ಕೊಕ್ಕೆ? ಹುಳ ಉಂಟಲ್ಲ.”

ಇಸ್ಮಾಯಿಲ್ ಮೆಲ್ಲನೆ ಕೆಮ್ಮಿ, ಊರಿನಲ್ಲಿ ಕ್ರಿಶ್ಚಿಯನ್ ಹಿರಿಯರನ್ನು ಕರೆಯುವಂತೆ ವಾಲ್ಟರ್ ಅವರನ್ನು ಕರೆದ. “ಪೊರ್ಬುಗಳೇ, ನಾವು ಮೀನು ಹಿಡೀಲಿಕ್ಕೆ ಬಂದದ್ದಾ, ಮೀನಿಗೆ ಊಟ ಹಾಕ್ಲಿಕ್ಕೆ ಬಂದದ್ದಾ?”

ನಾನು ಸೋಲಲಿಲ್ಲ. “ಹೇಗೂ ಬ್ಯಾಸ್ ಸಣ್ಣ ಬಾಯಿಯ ಸಭ್ಯ ಮೀನು…”

“ಬ್ಯಾಸ್ ಸಿಹಿನೀರಿನ ಮೀನು,” ಎಂದರು ವಾಲ್ಟರ್. “ಸರೋವರದ್ದು. ಕತಾರಿನಲ್ಲಿ ಸಿಹಿನೀರು ಇರುವುದು ನಮ್ಮ ಅಡಿಗೆಮನೆಯ ಕ್ಯಾನಿನಲ್ಲಿ!”

“ಮತ್ತೆ ದಿನಾ ಆ ವಿಡಿಯೊ ನೋಡ್ತಿದ್ದದ್ದು?”

“ಆ ಮನುಷ್ಯನ ಸ್ವರ ಕೇಳಿದರೆ ನನಗೆ ಚಂದ ನಿದ್ದೆ ಬರ್ತದೆ.”

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮರಳು ಮಾತ್ರ ಮಿಸುಕಲಿಲ್ಲ. ಆಗಲಾದರೂ ಸುಮ್ಮನಿರಬೇಕಿತ್ತು. ಆದರೆ ಅವರು ರಾಡನ್ನು ಕೆಳಗಿಟ್ಟು, “ಮನೆಗೆ ಹೋಗುವ” ಎಂದುಬಿಟ್ಟರು. ಮನೆಗೆ ಎಂದರೆ ಸೋಫಾಕ್ಕೆ. ನಾನು ರಾಡು ಕಸಿದುಕೊಂಡೆ. ಲೈನನ್ನು ತುದಿಗೆ ಕಟ್ಟಿ, ಇನ್ನೊಂದು ತುದಿಗೆ ಕಾಜಾ ಹೊಲಿಯುವ ಗಂಟಿನಲ್ಲಿ ಹುಳವನ್ನು ಬಿಗಿದು, ಎದ್ದು ನಿಂತೆ.

“ಆಂಟಿ, ಬೇಡ!” ಎಂದಳು ಝೊಹರಾ.

“ಎಲ್ಲ ಇರುವುದು ಮಣಿಕಟ್ಟಿನಲ್ಲಿ,” ಎಂದು ಹೇಳಿ, ರಾಡನ್ನು ಹಿಂದಕ್ಕೆ ಬೀಸಿದೆ.

ಕೂದಲಿನಂಥ ಲೈನು ಕೂದಲಿನಂತೆಯೇ ತುಂಡಾಯಿತು. ನೇರಳೆ ಹುಳ ಸಮುದ್ರಕ್ಕೆ ಬೆನ್ನು ಹಾಕಿ, ಆಕಾಶದಲ್ಲಿ ಹೊಳೆಯುತ್ತಾ ಹಾರಿ, ಮಲಯಾಳಿಗಳ ಬಿರಿಯಾನಿಯ ನಟ್ಟನಡುವೆ ಇಳಿಯಿತು. ಇಳಿದದ್ದು ಸುಮ್ಮನಿರಬೇಕೇ? ಒಳ್ಳೆಯ ರಬ್ಬರು, ಬಿಸಿ ಅನ್ನದ ಮೇಲೆ ಬಾಲ ಅಲ್ಲಾಡಿಸಿತು!

“ಪಾಂಬ್! ಪಾಂಬ್!” ಹಾವು ಬಂತೆಂದು ಅಜ್ಜಿಯೊಬ್ಬಳು ಕಿರಿಚಿದಳು. ಇಡೀ ಸಂಸಾರ ಎದ್ದು ಓಡಿತು. ಯಾರದೋ ಕಾಲು ತಾಗಿ ಮೊಸರಿನ ಪಾತ್ರೆ ಮಗುಚಿತು. ದಡದಲ್ಲಿದ್ದವರೆಲ್ಲ ತಿರುಗಿ ನೋಡಿದರು. ರಾಡು ಹಿಡಿದು ನಿಂತಿದ್ದವಳು ನಾನೊಬ್ಬಳೇ.

“ಐ ಬೆಗ್ ಯುವರ್ ಪಾರ್ಡನ್,” ಎನ್ನುತ್ತಾ ಹೋಗಿ, ಅನ್ಯರ ಬಿರಿಯಾನಿಯಿಂದ ಎರಡು ಬೆರಳಲ್ಲಿ ಹುಳವನ್ನು ಎತ್ತಿದೆ. ನನ್ನ ಬಾಳಿನಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಕಣ್ಣಲ್ಲಿ ನೀರು ಬಂತು.

ಹಿಂದೆ ಏನೋ ಸದ್ದು. ತಿರುಗಿದರೆ ವಾಲ್ಟರ್ ನಗುತ್ತಿದ್ದಾರೆ! ಆಪರೇಷನ್ ಆದಂದಿನಿಂದ ಕೇಳದ ನಗು. ನಗುತ್ತಾ ಎದ್ದರು, ಯಾರ ಕೈಯನ್ನೂ ಹಿಡಿಯದೆ ಮರಳಿನ ಮೇಲೆ ಆ ಸಂಸಾರದವರೆಗೆ ನಡೆದರು, ಕ್ಷಮೆ ಕೇಳುವ ನೆಪದಲ್ಲಿ ಕಥೆ ಶುರುಮಾಡಿದರು. ಮಲಯಾಳಂ ಅವರಿಗೆ ಚೆನ್ನಾಗಿ ಬರುತ್ತದೆ. ಆ ಅಜ್ಜಿ ನಕ್ಕು ನಕ್ಕು ಕೆಮ್ಮಿದಳು. ನಮಗೆಲ್ಲ ಬಿರಿಯಾನಿ ಕೊಟ್ಟರು, ಹುಳ ಬಿದ್ದ ಜಾಗ ಬಿಟ್ಟು.

ಕಥೆ ಅಲ್ಲಿಗೆ ನಿಂತಿದ್ದರೆ ಆಗುತ್ತಿತ್ತು. ಮರುದಿನ ಸಂಜೆ ವಾಲ್ಟರ್ ತಾವಾಗಿಯೇ ಶೂ ಹಾಕಿಕೊಂಡರು. ವಾಚ್‌ಮ್ಯಾನ್‌ಗೆ ಹೇಳಿದರು. ಮೂಲೆಯ ಕರಕ್ ಚಹಾದ ಅಂಗಡಿಗೆ ನಡೆದು ಅಲ್ಲಿ ಹೇಳಿದರು. ಶುಕ್ರವಾರ ನನಗಿಂತ ಮೊದಲೇ ಚರ್ಚಿಗೆ ಹೊರಟು, ಪೂಜೆ ಮುಗಿಯುವುದನ್ನೇ ಕಾದು, ಅಂಗಳದಲ್ಲಿ ಸಿಕ್ಕಿದವರಿಗೆಲ್ಲ ಹೇಳಿದರು. ಪ್ರತಿ ಸಲವೂ ಹುಳ ಇನ್ನಷ್ಟು ಉದ್ದವಾಗುತ್ತಿದೆ. ಕಾಲು ಈಗ ಬಹಳ ಚೆನ್ನಾಗಿದೆ. ಡಾಕ್ಟರ್ ಬೆನ್ನು ತಟ್ಟಿದರು.

ನಾನು ಮಾತ್ರ ಲಿಫ್ಟ್ ಹತ್ತುವುದಿಲ್ಲ. ಯಾರಾದರೂ ಸಿಕ್ಕರೆ ನಗುತ್ತಾರೆ. ಸೋಫಾದಲ್ಲಿ ಕೂತು ಆ ಅಮೆರಿಕನ್ನನ ವಿಡಿಯೊ ಹಾಕುತ್ತೇನೆ; ನಿಜಕ್ಕೂ ಚಂದ ನಿದ್ದೆ ಬರುತ್ತದೆ.

ನಿನ್ನೆ ಆಫೀಸಿನಿಂದ ಬಂದ ರೀಟಾ ನನ್ನನ್ನು ಎಬ್ಬಿಸಿದಳು. “ಮಮ್ಮಿ, ಡ್ಯಾಡಿ ವಾಕಿಂಗ್ ಹೋಗಿ ಒಂದು ಗಂಟೆ ಆಯ್ತಂತೆ. ನೀನು ಎಂತ ಹೀಗೆ ಕೂತಿದ್ದಿ? ಡಾಕ್ಟರಿಗೆ ತೋರಿಸುವನಾ?”