ಹಿಂದಿನ ಗಾಲಿಯ ವಜನ

ಇಂದೂ ನಗುವಾಗ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಅವಧೂತನ ಫಜೀತಿ ಶುರುವಾದದ್ದು ಅಲ್ಲಿಂದಲೇ.

ಸದಾಶಿವ ಪೇಠದ, ಹಲವು ಸಂಸಾರಗಳಿದ್ದ ಹಳೆಯ ವಾಡೆಯಲ್ಲಿ ಅವರದು ಒಂದು ಕೋಣೆ, ಒಂದು ಅಡುಗೆಮನೆ. ಕೋಣೆಯಲ್ಲಿ ಅವಧೂತನ ತಾಯಿ. ಪಕ್ಕದ ಮನೆಗೂ ಇವರಿಗೂ ನಡುವೆ ಬರಿಯ ಹಲಗೆಯ ಗೋಡೆ. ಈಚೆ ಆಕಳಿಸಿದರೆ ಆಚೆಯವರು ಹಾಸಿಗೆ ಹಾಸುತ್ತಿದ್ದರು. ಮದುವೆಯ ದಿನ ಧಾರವಾಡದ ಗೆಳತಿಯರು, “ಇಕಿ ನಕ್ಕರ ಓಣಿ ತುದಿಗೆ ಕೇಳಸ್ತದ್ರಿ” ಎಂದಿದ್ದರು. ಆ ನಗು ಎಲ್ಲಿ ಹೋಯಿತೆಂದು ಅವಧೂತ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುತ್ತ ಯೋಚಿಸುತ್ತಿದ್ದ. ಮದುವೆಯಾಗಿ ವರ್ಷ ದಾಟಿದರೂ ಅವನು ಅದನ್ನು ಕೇಳಿರಲಿಲ್ಲ.

ಒಂದು ಸಂಜೆ ಕಿಟಕಿಯ ಬಳಿ ನಿಂತು ಇಂದೂ ಪಿಸುಗುಟ್ಟಿದಳು. “ಕಾತ್ರಜ ಘಾಟಿನ ಮ್ಯಾಲೆ ಗುಡ್ಡ ಕೊರೆದು ಮಾಡಿದ ಬೋಗದಾ ಅದಂತಲ್ರಿ. ಮಳ್ಯಾಗ ಅಲ್ಲಿ ಯಾರೂ ಇರಂಗಿಲ್ಲಂತ. ಒಮ್ಮೆ ಅದರೊಳಗ ನಿಂತು ಜೋರಾಗಿ ನಗಬೇಕು ನೋಡ್ರಿ.”

ಅಷ್ಟು ಸಾಕಾಯಿತು. ಬೆಳಗಾವಿಯ ಡಾಕ್ಟರ್ ಸೋದರಮಾವ ಹೊಸ ಕಾರು ಕೊಂಡಾಗ ಹಳೆಯ ಫಿಯಾಟನ್ನು ಅವಧೂತನಿಗೆ ದಾಟಿಸಿದ್ದ. ಅದು ಘಾಟಿನ ಅರ್ಧಕ್ಕೇ ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ನಾನಾ ಪೇಠದಲ್ಲಿ ಗ್ಯಾರೇಜು ಇಟ್ಟಿದ್ದ ಭೀಮಣ್ಣ, ರೇಸಿನ ಹುಚ್ಚಿನವರ ಕಾರುಗಳನ್ನು ತಯಾರು ಮಾಡುವವನು, ಬಾನೆಟ್ ಎತ್ತಿ ನೋಡಿ ನಾಡಿ ಹಿಡಿದ ವೈದ್ಯನಂತೆ ಕಣ್ಣು ಮುಚ್ಚಿದ. ಸಿಲಿಂಡರ್ ಕೊರೆದು ದೊಡ್ಡದು ಮಾಡಿದ. ಒಂದಿದ್ದ ಕಾರ್ಬುರೇಟರ್ ಎರಡಾಯಿತು. ಈಗ ಕಾರು ಶುರುವಾದರೆ ವಾಡೆಯ ತಾಟುಗಳು ಗೂಡಿನಲ್ಲಿ ಕುಣಿಯುತ್ತಿದ್ದವು.

ಘಾಟು ಮಾತ್ರ ಏರಲಿಲ್ಲ. ಒದ್ದೆ ರಸ್ತೆಯ ಮೇಲೆ ಹಿಂದಿನ ಗಾಲಿಗಳು ನಿಂತಲ್ಲೇ ಗರಗರ ತಿರುಗಿದವು.

ಹಲಗೆಯ ಆಚೆಯ ಬಿಂದುಮಾಧವ ಕಾಕಾ ನಿವೃತ್ತ ರೈಲ್ವೆ ಡ್ರೈವರು. “ಎಂಜಿನ್ ಎಷ್ಟು ದೊಡ್ಡದಿದ್ರೇನೋ, ಗಾಲಿ ನೆಲ ಹಿಡೀಬೇಕಲ್ಲ? ರೈಲಿನ ಎಂಜಿನ್ ಅಷ್ಟು ಭಾರ ಯಾಕ ಇರತದ? ಹಿಂದ ವಜನ ಬೇಕು, ವಜನ,” ಎಂದರು.

“ಕಾಕಾ, ಇದು ರೈಲಲ್ರಿ,” ಎಂದ ಭೀಮಣ್ಣ. “ಹಿಂದಿನ ಸ್ಪ್ರಿಂಗಿನ ಕಮಾನು ಮೆತ್ತಗಾಗೇದ. ಇನ್ನೆರಡು ಪಟ್ಟಿ ಹಾಕತೀನಿ. ಗಟ್ಟಿ ಆಗಿ ಹಿಡೀತದ.”

ಪಟ್ಟಿ ಹಾಕಿದ. ಕಾರಿನ ಹಿಂಭಾಗ ಜಗಳಕ್ಕೆ ನಿಂತ ಬೆಕ್ಕಿನಂತೆ ಮೇಲೆದ್ದಿತು.

ಆ ರವಿವಾರ ಮಳೆ ಹಿಡಿದಿತ್ತು. ಅವಧೂತ ಯಾರಿಗೂ ಹೇಳದೆ ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಕಾರು ಶುರುಮಾಡಿದ. ತಾಟುಗಳು ಕುಣಿದವು. ಬಿಂದುಮಾಧವ ಕಾಕಾ ಛತ್ರಿ ಹಿಡಿದು, ಅವರ ಹೆಂಡತಿ ರಂಗೂಬಾಯಿ ಕಾಕೂ ಡಬ್ಬಿ ಹಿಡಿದು ಇಳಿದು ಬಂದರು.

“ಇಬ್ಬರ ಮ್ಯಾಲೆ ಗಾಲಿ ಹಿಡಿಯಂಗಿಲ್ಲೋ ಅವಧೂತ. ನಾವು ಬರತೇವಿ,” ಎಂದರು ಕಾಕಾ.

“ಇಷ್ಟು ವರ್ಷ ಎಲ್ಲಾರೂ ನನ್ನ ಮೈ ನೋಡಿ ನಕ್ಕಿದ್ದ ಆತು. ಇವತ್ತರ ಉಪಯೋಗಕ್ಕ ಬರಲಿ,” ಎಂದು ಕಾಕೂ ಹಿಂದೆ ಹತ್ತಿ ಕೂತರು.

ಸ್ವಾರಗೇಟಿನಲ್ಲಿ ಭೀಮಣ್ಣ ಕೈ ಅಡ್ಡ ಮಾಡಿದ. “ಎಂಜಿನ್ನಿನ ಸಪ್ಪಳ ಕೇಳಬೇಕ್ರಿ ಸಾಹೇಬ್ರ. ಮುಂದ ನಾ ಕೂಡತೀನಿ. ವೈನಿ ಹಿಂದ ಕೂಡಲಿ, ಅಷ್ಟು ವಜನಾನೂ ಆತು.”

ಇಂದೂ ಕಾಕಾ ಕಾಕೂ ನಡುವೆ, ಗಂಟು ಕಟ್ಟಿದ ಹಾಸಿಗೆಗಳ ನಡುವಿನ ತಲೆದಿಂಬಿನಂತೆ ಸಿಕ್ಕಿಕೊಂಡಳು. ಅವಧೂತ ಕನ್ನಡಿಯನ್ನು ತಿರುಗಿಸಿದ. ಅದರಲ್ಲಿ ಕಾಕೂನ ತುರುಬಿನ ಅಂಬಾಡ ಮಾತ್ರ ಕಂಡಿತು.

ಘಾಟಿನ ಮೊದಲ ತಿರುವಿನಲ್ಲೇ ಗಾಲಿ ಜಾರಿತು.

“ಕೇಳ್ರಿ, ಎಂಜಿನ್ ಹ್ಯಾಂಗ ಹಾಡತದ,” ಎಂದ ಭೀಮಣ್ಣ.

“ಹಾಡತದ, ಮುಂದ ಹೋಗವಲ್ದು. ಅರವತ್ತು ಕಿಲೋದ ನೀನು ಮುಂದ ಕೂತೀದಿ, ಹಿಂದಿನ ಗಾಲಿ ಹಗೂರ ಆಗೇದ. ಇಳಿ,” ಎಂದರು ಕಾಕಾ.

ಭೀಮಣ್ಣ ಇಳಿದ. ಹಿಂದಿನ ಬಂಪರಿನ ಮೇಲೆ ನಿಂತು ಡಿಕ್ಕಿಯನ್ನು ತಬ್ಬಿಕೊಂಡ. ಕಾರು ಒಮ್ಮೆ ನಡುಗಿ ನೆಲ ಹಿಡಿಯಿತು, ಏರತೊಡಗಿತು. ಕಾಕಾ ಕಿಟಕಿಯಿಂದ ತಲೆ ಹಾಕಿ, “ಈಗ ಹೇಳೋ, ಎಂಜಿನ್ನೋ ವಜನೋ?” ಎಂದು ಕೂಗಿದರು. ಉತ್ತರ ಕೊಡಲು ತೆರೆದ ಭೀಮಣ್ಣನ ಬಾಯಿಗೆ ಮಳೆ ಬಿತ್ತು. ಅವಧೂತ ಪಕ್ಕದ ಖಾಲಿ ಸೀಟನ್ನು ನೋಡಿದ. ಇಂದೂ ಬೆಳಿಗ್ಗೆ ಕೂತಾಗ ಬಿದ್ದ ಒಂದು ಅಬ್ಬಲಿಗೆ ಹೂ ಅಲ್ಲಿ ಕುಲುಕುತ್ತಿತ್ತು.

ಬೋಗದಾದಲ್ಲಿ ನಿಜವಾಗಿಯೂ ಯಾರೂ ಇರಲಿಲ್ಲ, ಇವರ ಹೊರತು. ಕಾಕಾ “ವಜನ” ಎಂದರೆ ಗೋಡೆ ಮತ್ತೆ “ವಜನ” ಎನ್ನುತ್ತಿತ್ತು. ಭೀಮಣ್ಣ “ಕಮಾನು” ಎಂದರೆ “ಕಮಾನು”. ಇಂದೂಗೆ ನಗು ಬಂತು. ಸೆರಗು ಬಾಯಿಗೆ ಹೋಯಿತು.

ಅವಧೂತನ ಮುಖ ನೋಡಿದ ಕಾಕೂಗೆ ಏನೋ ಹೊಳೆಯಿತು. “ಘಾಟು ಇಳಿಯಾಕ ವಜನ ಬೇಕೇನ್ರಿ?” ಎಂದು ಕೇಳಿದರು.

“ಬೇಕಾಗಿಲ್ಲ,” ಎಂದರು ಇಬ್ಬರು ಪಂಡಿತರೂ ಆ ದಿನ ಮೊದಲ ಸಲ ಒಂದೇ ದನಿಯಲ್ಲಿ.

“ಹಂಗಾದ್ರ ನಡೀರಿ, ನಾವು ಮೂರೂ ಮಂದಿ ಬಸ್ಸಿಗೆ ಹೋಗೋಣ. ಇವರಿಬ್ಬರೂ ಹಗೂರ ಬರಲಿ.”

ಅವಧೂತನಿಗೆ ಕಾಕೂನ ಕಾಲಿಗೆ ಬೀಳಬೇಕೆನಿಸಿತು. ಅಷ್ಟರಲ್ಲಿ ಸಾತಾರಾ ಕಡೆಯಿಂದ ಕೆಂಪು ಬಸ್ಸು ಬಂತು. ಕಾಕಾ ಛತ್ರಿ ಬೀಸಿ ನಿಲ್ಲಿಸಿದರು.

“ದೋನಚ್ ಬಾಯಕಾ,” ಎಂದ ಕಂಡಕ್ಟರ್. ಒಳಗೆ ಇಬ್ಬರು ಹೆಂಗಸರಿಗೆ ಮಾತ್ರ ಜಾಗವಿತ್ತು.

ಕಾಕೂ ಹತ್ತಿದರು. ಹಿಂದೆಯೇ, ಅಷ್ಟು ಹೊತ್ತೂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ ಇಂದೂ ನಡೆದಳು. ಗಂಡನ ಹತ್ತಿರ ನಿಂತು ಮೆಲ್ಲಗೆ ಹೇಳಿದಳು. “ಸಿಟ್ಟಾಗಬ್ಯಾಡ್ರಿ. ನಿಮ್ಮ ಗಟ್ಟಿ ಕಮಾನಿನ ಮ್ಯಾಲೆ ಇನ್ನೊಮ್ಮೆ ಕೂತರ ನನ್ನ ಟೊಂಕ ಉಳಿಯಂಗಿಲ್ಲ.”

“ಮುಂದ ಕೂಡಬಹುದಲ್ಲ,” ಎಂದು ಅವಧೂತ ಹೇಳುವಷ್ಟರಲ್ಲಿ ಬಸ್ಸಿನ ಗಂಟೆ ಹೊಡೆಯಿತು.

ಫಿಯಾಟಿನ ಮುಂದಿನ ಸೀಟಿನಲ್ಲಿ ಕಾಕಾ ಕೂತರು, ಅಬ್ಬಲಿಗೆಯ ಮೇಲೆ. ಹಿಂದೆ ಭೀಮಣ್ಣ ಒದ್ದೆ ಅಂಗಿ ಹಿಂಡಿಕೊಳ್ಳುತ್ತ, “ಪಟ್ಟಿ ಒಂದು ತೆಗೆದರ ಆತು ಬಿಡ್ರಿ,” ಎಂದ. ವಾದ ಶುರುವಾಯಿತು. ಘಾಟು ಇಳಿದು ಸಮತಟ್ಟು ರಸ್ತೆ ಬಂದಾಗ ಫಿಯಾಟ್ ಬಸ್ಸಿನ ಬೆನ್ನಿಗಿತ್ತು.

ಆಗ ಅವಧೂತನಿಗೆ ಕೇಳಿಸಿತು. ಬಸ್ಸಿನ ಕಿಟಕಿಯಿಂದ ಒಂದು ನಗು. ತಡೆಯಿಲ್ಲದ, ಸೆರಗಿಲ್ಲದ, ಕೊಡ ತುಂಬಿ ಹೊರಚೆಲ್ಲಿದಂಥ ನಗು. ಅದರ ಕೊನೆಗೆ ಕಾಕೂನ ಕೆಮ್ಮು. ಮತ್ತೆ ಅದೇ ನಗು.

“ಸ್ವಲ್ಪ ಸುಮ್ಮನಿರ್ರಿ,” ಎಂದ ಅವಧೂತ.

ಅವರು ಸುಮ್ಮನಾಗಲಿಲ್ಲ. ಅವನು ಬಸ್ಸಿನ ಪಕ್ಕಕ್ಕೆ ಹೋಗಲೆಂದು ಆಕ್ಸಿಲರೇಟರ್ ಒತ್ತಿದ. ಎರಡು ಕಾರ್ಬುರೇಟರೂ ಒಟ್ಟಿಗೆ ಗರ್ಜಿಸಿದವು. ನಗು ಅದರಲ್ಲಿ ಮುಳುಗಿತು. ಹಿಂದಿನ ಗಾಲಿಗಳು ಒಮ್ಮೆ ಬರಿದೇ ತಿರುಗಿ, ಕಾರು ಅಡ್ಡ ಸರಿದು, ರಸ್ತೆಯಂಚಿನ ಕೆಸರಿನಲ್ಲಿ ನಿಂತಿತು. ಬಸ್ಸು ಮಳೆಯೊಳಗೆ ಸಣ್ಣದಾಯಿತು.

“ಹಿಂದ ವಜನ ಇಲ್ಲ,” ಎಂದರು ಕಾಕಾ ಸಮಾಧಾನದಿಂದ.

ಮನೆಗೆ ಬಂದಾಗ ಇಂದೂ ಚಹಾ ತಂದಿಟ್ಟಳು. ತಾಯಿ ಬತ್ತಿ ಹೊಸೆಯುತ್ತ ಕೂತಿದ್ದರು. ಅವಧೂತ ದನಿ ತಗ್ಗಿಸಿ ಕೇಳಿದ. “ಬಸ್ಸಿನ್ಯಾಗ ಯಾಕ ನಗತಿದ್ದಿ?”

ನೆನೆದದ್ದೇ ತಡ, ಅವಳ ಭುಜ ಕುಲುಕಿತು. ಸೆರಗು ಬಾಯಿಗೆ ಹೋಯಿತು. ಕಣ್ಣಲ್ಲಿ ನೀರು ಬಂದರೂ ಸದ್ದು ಬರಲಿಲ್ಲ. “ಇಲ್ಲಿ ಹ್ಯಾಂಗ ಹೇಳಲ್ರಿ? ಯಾರೂ ಇಲ್ಲದ ಕಡೆ ಕರಕೊಂಡು ಹೋಗ್ರಿ, ಹೇಳತೀನಿ.”

“ಬರೋ ರವಿವಾರ?”

ಅವಳು ಹೂಂ ಎನ್ನುವ ಮೊದಲೇ ಹಲಗೆಯ ಆಚೆಯಿಂದ ಕಾಕಾನ ದನಿ ಬಂತು. “ಆಗಲಿ ಅವಧೂತ. ಆದರ ಇಷ್ಟು ವಜನ ಸಾಲಂಗಿಲ್ಲ. ಭೀಮಣ್ಣಗ ಹೆಂಡತೀನ್ನೂ ಕರಕೊಂಡು ಬಾ ಅಂತ ಹೇಳೇನಿ.”