ಹುಡುಗ ಎಲ್ಲಿ ನಗುತ್ತಾನೆ?

ಬ್ಯಾಂಕಿನ ಸಾಲದ ವಿಭಾಗದಲ್ಲಿ ಕೂತವಳಿಗೆ ಅನುಮಾನ ಮೈಗೂಡಿಬಿಡುತ್ತದೆ. ವರ್ಗವಾಗಿ ವಿಶಾಖಪಟ್ಟಣಕ್ಕೆ ಬಂದು, ಮಗಳಿಗೆ ಗಂಡು ಹುಡುಕತೊಡಗಿದ ಮೇಲಂತೂ ನಮ್ಮ ಮನೆಯಲ್ಲಿ ದಿನಕ್ಕೊಂದು ಪ್ರಹಸನ.

ಪ್ರೀತಿಯ ಏಟು

ಭಾನುವಾರ ಟಿವಿಯಲ್ಲಿ ನಮ್ಮ ಕಾಲದ ಒಂದು ತಮಾಷೆಯ ಪ್ರೇಮಕಥೆ. ಸೊಕ್ಕಿನ ಶ್ರೀಮಂತ ಹುಡುಗಿಯ ಕಪಾಳಕ್ಕೆ ನಾಯಕ ಬಾರಿಸುತ್ತಾನೆ; ಮರುದೃಶ್ಯದಲ್ಲೇ ಅವಳು ಸೀರೆಯುಟ್ಟು ಅವನಿಗೆ ಕಾಫಿ ತರುತ್ತಾಳೆ. ನಮ್ಮವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಪ್ಪಾ, ಇದಕ್ಕೆ ನಗೋದಾ?" ಎಂದಳು ಮಗಳು.

"ಅದು ಪ್ರೀತಿಯ ಏಟಮ್ಮಾ."

"ಹಾಗಾದ್ರೆ ಅಮ್ಮನೂ ನಿಮಗೊಂದು ಕೊಡಲಿ. ಸೀರೆ ಉಡೋದು ಬೇಡ, ಕಾಫಿ ತಂದ್ರೆ ಸಾಕು."

ನಮ್ಮವರು ಏಟಿಗೆ ಕಾಯಲಿಲ್ಲ. ಎದ್ದು ಹೋಗಿ ಕಾಫಿ ತಂದರು.

ಅವಸರದ ಛೆ ಛೆ

ನನಗೆ ಮಾತ್ರ ಅನುಮಾನ ಶುರುವಾಯಿತು. ಇರುವವಳು ಒಬ್ಬಳೇ ಮಗಳು. ಆ ಏಟಿಗೆ ನಗುವವನನ್ನೇ ಕಟ್ಟಿಕೊಂಡರೆ ಗತಿ? ನೋಡಲು ಬರುವ ಹುಡುಗನಿಗೆ ಉಪ್ಪಿಟ್ಟಿನ ಜೊತೆ ಅದೇ ಸಿನಿಮಾ ಹಾಕಿ, ಎಲ್ಲಿ ನಗುತ್ತಾನೆ ನೋಡಬೇಕೆಂದು ನಿರ್ಧರಿಸಿದೆ. ಈ ಗುಟ್ಟು ಹೇಳಿದ್ದು ನಮ್ಮವರಿಗೆ ಮಾತ್ರ.

ವಿಜಯವಾಡದಿಂದ ಬಂದ ಮೊದಲ ಹುಡುಗ, "ಛೆ ಛೆ, ಹೆಂಗಸರ ಮೇಲೆ ಕೈ ಮಾಡಬಾರ್ದು ಆಂಟಿ" ಎಂದ. ನನಗೆ ಖುಷಿಯೋ ಖುಷಿ. ಆಮೇಲೆ ಟಿವಿ ಕಡೆ ನೋಡಿದೆ. ನಾಯಕ ಇನ್ನೂ ಬಸ್ಸಿನಿಂದಲೇ ಇಳಿದಿರಲಿಲ್ಲ.

"ರೀ..." ಎಂದೆ. ನಮ್ಮವರು ತಿರುಗುವ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ನಕ್ಕವರು ಯಾರು?

ಎರಡನೆಯವನು ಇಲ್ಲಿನ ಕಾರ್ಖಾನೆಯಲ್ಲಿ ಎಂಜಿನಿಯರ್. ತಾಯಿಯ ಜೊತೆ ಬಂದ. ಈ ಸಲ ನಮ್ಮವರ ಫೋನನ್ನು ಬೆಳಿಗ್ಗೆಯೇ ಕಿತ್ತಿಟ್ಟುಕೊಂಡಿದ್ದೆ. ಪಾಪ, ಅವರು ಕಾಫಿ ಮಾಡಿ ಎಲ್ಲರಿಗೂ ಕೊಟ್ಟು ತೆಪ್ಪಗೆ ಕೂತರು.

ಏಟು ಬಿತ್ತು. ನಾನು ಹುಡುಗನನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಅವನು ನಗಲಿಲ್ಲ, ಮುಖ ಕಿವುಚಿದ. ಮಗಳ ಮುಖ ಅರಳಿತು. ಅಬ್ಬ, ಗೆದ್ದೆ ಎಂದುಕೊಂಡು ನೆಮ್ಮದಿಯಿಂದ ಟಿವಿ ಕಡೆ ತಿರುಗಿದೆ. ಅಲ್ಲಿ ಕಾಫಿ, ಮದುವೆ ಎಲ್ಲಾ ಮುಗಿದು, ನಾಯಕಿ ಅನ್ನ ಸೀಯಿಸಿ, ಗಂಡನಿಂದ ಬೈಸಿಕೊಂಡು, ಅಳುತ್ತಾ ಪಾತ್ರೆ ತಿಕ್ಕುತ್ತಿದ್ದಳು. ಕಾಲೇಜಿನ ದಿನಗಳಿಂದಲೂ ಆ ದೃಶ್ಯ ಬಂದರೆ ನನಗೆ ತಡೆಯಲಾಗುವುದಿಲ್ಲ. ಬಿದ್ದು ಬಿದ್ದು ನಕ್ಕೆ. ಕಣ್ಣೊರೆಸಿಕೊಂಡು ನೋಡಿದರೆ, ನಕ್ಕಿದ್ದು ನಾನೊಬ್ಬಳೇ.

ಅವರು ಹೊರಟಾಗ ಬಾಗಿಲ ಹಿಂದೆ ಕಿವಿಗೊಟ್ಟು ನಿಂತೆ. ಚಪ್ಪಲಿ ಮೆಟ್ಟುತ್ತಾ ತಾಯಿ ಕೇಳಿದರು: "ಏನಪ್ಪಾ, ಒಪ್ಪಿಗೇನಾ?"

"ಹುಡುಗಿ ಒಪ್ಪಿಗೆ ಅಮ್ಮಾ. ಮಾವ ಪಾಪ, ಕಾಫೀನೂ ಮಾಡ್ತಾರೆ," ಎಂದು ಹುಡುಗ ದನಿ ತಗ್ಗಿಸಿದ. "ಅತ್ತೆ ಮೇಲೇ ಸ್ವಲ್ಪ ಡೌಟು."