ಹಕೀಮರ ಸ್ಮಾರಕಕ್ಕೆ ಒಂದಾಣೆ

ಎಲ್ಲ ಅನಾಹುತಕ್ಕೂ ಮೂಲ ಒಂದು ಕಟ್ಟು ಹಳೇ ಚೀಟಿ.

ಚನ್ನಗಿರಿಯ ಹಕೀಮ ಸುಬಾನಸಾಬರು ಬದುಕಿದ್ದಾಗ, ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ರೋಗಿಗಳಿಗೆ ಒಂದೊಂದು ಹಳದಿ ರಟ್ಟಿನ ಚೀಟಿ ಸಿಗುತ್ತಿತ್ತು. ಅದರ ಮೇಲೊಂದು ನಂಬರು, ಹಕೀಮರ ಮೊಹರು. ಚೀಟಿ ಹಿಡಿದವರು ಜಗಲಿಯ ಮೇಲೆ ಸಾಲಾಗಿ ಕೂತು ಸರದಿ ಕಾಯಬೇಕು. ಹಕೀಮರು ಯಾರ ಕಾಸನ್ನೂ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಮದ್ದಿನ ಗುಣ ಹೋಗುತ್ತದೆ ಎಂದು ಅವರ ಗುರುಗಳು ಹೇಳಿದ್ದರಂತೆ. ಮನೆ ನಡೆಯುತ್ತಿದ್ದುದು ಎರಡೆಕರೆ ಗದ್ದೆಯಿಂದ. ಇಪ್ಪತ್ತು ವರ್ಷ ಅವರಿಗೆ ಮದ್ದು ಅರೆದುಕೊಟ್ಟ, ಚೀಟಿ ಹಂಚಿದ ಗೋಣೆಪ್ಪನ ಹೊಟ್ಟೆಗೂ ಅದೇ ಗದ್ದೆಯ ಭತ್ತ.

೧೯೩೮ರ ಬೇಸಿಗೆಯಲ್ಲಿ ಹಕೀಮರು ಹೋಗಿಬಿಟ್ಟರು. ಊರೆಲ್ಲ ಅತ್ತಿತು. ಅತ್ತು ಮುಗಿದ ಮೇಲೆ ಒಂದು ಕಮಿಟಿ ಮಾಡಿತು. ಅಡಿಕೆ ಮಂಡಿಯ ಮಹೇಶ್ವರಪ್ಪನವರು ಅಧ್ಯಕ್ಷರಾದರು. ಹಕೀಮರು ಕೂರುತ್ತಿದ್ದ ಕೋಣೆಯೇ ಸ್ಮಾರಕ ಭವನವಾಯಿತು. ಅವರ ಕುರ್ಚಿ, ಊರುಗೋಲು, ಚಪ್ಪಲಿ, ಕನ್ನಡಕ, ಮದ್ದು ಅರೆಯುವ ಕಲ್ಲುಬತ್ತು, ಹನ್ನೆರಡು ಮದ್ದಿನ ಭರಣಿ, ಇವನ್ನೆಲ್ಲ ಒರೆಸಿ ಜೋಡಿಸಿ, 'ವಸ್ತುಗಳನ್ನು ಮುಟ್ಟಬಾರದು' ಎಂದು ಬರೆಸಿದ್ದಾಯಿತು.

ಮಹೇಶ್ವರಪ್ಪನವರು ಒಮ್ಮೆ ಮೈಸೂರಿಗೆ ಹೋಗಿ ದುಡ್ಡು ಕೊಟ್ಟು ಹುಲಿ ನೋಡಿ ಬಂದವರು.

"ಪ್ರವೇಶಕ್ಕೆ ಒಂದಾಣೆ ಇಡಾನ" ಎಂದರು ಅವರು. "ಕಾಸು ಕೊಟ್ಟು ನೋಡಿದ್ರೇನೇ ಮರ್ಯಾದೆ. ಮೈಸೂರಾಗೆ ನೋಡಿದ ಹುಲಿ ಇವತ್ತಿಗೂ ಕಣ್ಣಾಗೈತೆ. ಸೂಳೆಕೆರೆ ಗುಡ್ಡದಾಗೆ ಪುಕ್ಕಟೆ ನೋಡಿದ ಹುಲಿ ಹೆಂಗಿತ್ತು ಅಂತಾನೇ ನೆನಪಿಲ್ಲ."

"ಅವತ್ತು ಓಡೋವಾಗ ನೀವು ತಿರುಗಿ ನೋಡಿದ್ರೆ ತಾನೇ ನೆನಪಿರಾಕೆ?" ಎಂದರು ಹಕೀಮರ ಹೆಂಡತಿ ಅಖ್ತರ್‌ಬೀ, ಒಳಬಾಗಿಲ ಪರದೆಯ ಹಿಂದಿನಿಂದ. "ಬದುಕಿದ್ದಾಗ ಕೈ ಚಾಚದ ಮನುಷ್ಯ ಅವರು. ಈಗ ಅವರ ಚಪ್ಪಲಿ ನೋಡಾಕೆ ಕಾಸು ಕೇಳ್ತೀರಾ? ನಂಗೆ ಸರಿ ಕಾಣಲ್ಲ."

"ಕಾಸಿಲ್ದಿದ್ರೆ ಸುಣ್ಣ ಯಾರು ಹೊಡೀತಾರಮ್ಮ? ಸೂರಿನ ಹೆಂಚು ಯಾರು ಹೊದಿಸ್ತಾರೆ? ಕಾಯಾಕೆ ಕೂತೋನಿಗೆ ಸಂಬಳ ಯಾರು ಕೊಡ್ತಾರೆ?"

ಗೋಣೆಪ್ಪನ ಕಿವಿ ನೆಟ್ಟಗಾದದ್ದು ಆ ಕೊನೆಯ ಮಾತಿಗೆ. ಹಕೀಮರ ಜೊತೆಗೇ ಅವನ ಪಾಲಿನ ಭತ್ತವೂ ಹೋಗಿತ್ತು. ಅವನ ಹೆಂಡತಿ ಅಂತರಘಟ್ಟಮ್ಮ ಹೊನ್ನಾಳಿಯ ತನ್ನ ತಮ್ಮನಿಗೆ ಹೇಳಿಕಳಿಸಿಯೂ ಆಗಿತ್ತು. ಈ ತಿಂಗಳು ಕೆಲಸ ಸಿಗದಿದ್ದರೆ ಗಂಡ ಅವನ ಎಣ್ಣೆ ಗಾಣಕ್ಕೆ ಬರುತ್ತಾನೆ, ಎತ್ತಿನ ಹಿಂದೆ ಸುತ್ತಲಿ ಎಂದು. ಭಾವಮೈದುನನ ಕೈಕೆಳಗೆ ಸುತ್ತುವುದಕ್ಕಿಂತ ಎತ್ತಾಗಿಯೇ ಹುಟ್ಟಿದ್ದರೆ ಲೇಸಿತ್ತು ಎಂದು ಗೋಣೆಪ್ಪನಿಗೆ ಅನ್ನಿಸಿತ್ತು.

ಕಮಿಟಿ ತೀರ್ಮಾನಿಸಿತು: ಟಿಕೀಟು ಒಂದಾಣೆ, ಟಿಕೀಟು ಕೊಡುವವನಿಗೆ ತಿಂಗಳಿಗೆ ಆರು ರೂಪಾಯಿ. ಮೊದಲ ದಿನ ಸಂಜೆ ಐದಕ್ಕೆ ತಾಲ್ಲೂಕಿನ ಅಮಲ್ದಾರರು ಬಂದು ನೋಡಿ ಒಪ್ಪಿದರೆ ಕೆಲಸ ಕಾಯಂ.

"ಟಿಕೀಟು ಅಚ್ಚು ಹಾಕ್ಸಬೇಕಲ್ರೀ ಗೌಡ್ರೆ?" ಎಂದ ಗೋಣೆಪ್ಪ.

"ಅಚ್ಚಿಗೆ ಯಾಕೋ ದಂಡ? ಹಕೀಮರ ಹಳೇ ಚೀಟಿ ಕಟ್ಟು ಅಟ್ಟದ ಮೇಲೆ ಬಿದ್ದೈತೆ, ಅದನ್ನೇ ಕೊಡು" ಎಂದು ಮಹೇಶ್ವರಪ್ಪನವರು ಒಂದು ತಗಡಿನ ಡಬ್ಬಿಗೆ ಬೀಗ ಹಾಕಿ, ಬೀಗದ ಕೈಯನ್ನು ತಮ್ಮ ಉಡಿದಾರಕ್ಕೆ ಕಟ್ಟಿಕೊಂಡು ಹೋದರು.

ಮಾರನೆಯ ಬೆಳಿಗ್ಗೆ ಗೋಣೆಪ್ಪ ಒಗೆದ ಅಂಗಿ ತೊಟ್ಟು ಬಾಗಿಲು ತೆರೆದ. ಹಳೆಯ ಜಾಗದಲ್ಲೇ ಕೂತ. ಆಣೆ ಡಬ್ಬಿಗೆ ಬೀಳುತ್ತಿತ್ತು, ಚೀಟಿ ಕೈಯಿಂದ ಹೋಗುತ್ತಿತ್ತು. ಒಂಬತ್ತು ಗಂಟೆಗೆಲ್ಲ ಇಪ್ಪತ್ತು ಚೀಟಿ ಖರ್ಚಾದವು. ಜನ ಇಷ್ಟು ಅಭಿಮಾನಿಗಳೆಂದು ಅವನು ಎಣಿಸಿರಲಿಲ್ಲ. ಒಂದೇ ಒಂದು ವಿಚಿತ್ರವೆಂದರೆ ಯಾರೂ ಒಳಗೆ ಹೋಗುತ್ತಿರಲಿಲ್ಲ. ಎಲ್ಲರೂ ಜಗಲಿಯ ಮೇಲೆ ಸಾಲಾಗಿ ಕೂತು ಕೆಮ್ಮುತ್ತಿದ್ದರು.

"ಒಳಗೆ ಹೋಗ್ರಿ, ನೋಡ್ರಿ" ಎಂದ ಗೋಣೆಪ್ಪ.

ಒಂದನೇ ನಂಬರಿನ ಶಿವಗಂಗಮ್ಮ ಮಂಡಿ ಹಿಡಿದುಕೊಂಡು ಎದ್ದಳು. ಹಕೀಮರ ಬಾಗಿಲು ಮತ್ತೆ ತೆರೆಯುತ್ತದಂತೆ ಎಂದು ಕೇಳಿ ಕೆರೆಬಿಳಚಿಯಿಂದ ಗಾಡಿಯಲ್ಲಿ ಬಂದ ಮುದುಕಿ. ಕೋಣೆಗೆ ಹೋದಳು, ಖಾಲಿ ಕುರ್ಚಿ ನೋಡಿದಳು, ಹೊರಗೆ ಬಂದಳು.

"ಹೊಸ ಹಕೀಮರು ಎಲ್ಲಪ್ಪ?"

"ಹೊಸಬ್ರು ಯಾರೂ ಇಲ್ಲಮ್ಮ. ಇದು ಸ್ಮಾರಕ. ನೋಡಾಕೆ ಮಾತ್ರ."

"ನಾನು ನೋಡಾಕೆ ಬಂದಿಲ್ಲ, ಮಂಡಿ ತೋರ್ಸಾಕೆ ಬಂದೀನಿ! ಚೀಟಿ ಕೊಟ್ಟಿಲ್ವಾ ನೀನು? ಹಕೀಮರ ಮೊಹರು ಇಲ್ವಾ ಇದ್ರಾಗೆ?"

ಜಗಲಿಯ ಮೇಲಿದ್ದವರೆಲ್ಲ ಎದ್ದು ನಿಂತರು. ಸೊಕ್ಕೆಯಿಂದ ಕಂಬಳಿ ಮಾರಲು ಬಂದಿದ್ದ ಬೋರಣ್ಣ ಎಲ್ಲರಿಗಿಂತ ಎತ್ತರ, ಅವನ ದನಿ ಇನ್ನೂ ಎತ್ತರ.

"ಇದೇನು ನ್ಯಾಯಾನ್ರೀ? ಆ ಪುಣ್ಯಾತ್ಮ ಇದ್ದಾಗ ಕಾಸೂ ಇಲ್ಲ, ಮದ್ದೂ ಸಿಗ್ತಿತ್ತು. ಈಗ ಕಾಸು ತಗೊಂತೀರಿ, ಮದ್ದಿಲ್ಲ ಅಂತೀರಿ. ಮದ್ದು ಕೊಡು, ಇಲ್ಲಾ ಆಣೆ ಕೊಡು!"

ಆಣೆ ಡಬ್ಬಿಯೊಳಗೆ, ಬೀಗದ ಕೈ ಮಹೇಶ್ವರಪ್ಪನವರ ಉಡಿದಾರದಲ್ಲಿ, ಮಹೇಶ್ವರಪ್ಪನವರು ನ್ಯಾಮತಿ ಸಂತೆಯಲ್ಲಿ. ಗೋಣೆಪ್ಪನಿಗೆ ಕಣ್ಣ ಮುಂದೆ ಎಣ್ಣೆ ಗಾಣ ತಿರುಗಿತು. ಮುದುಕಿಯ ಮಂಡಿಗೆ ಯಾವ ಚೂರ್ಣ ಎಂಬುದು ಅವನಿಗೆ ಗೊತ್ತು, ಅರೆದವನೇ ಅವನು. ಮೂರನೇ ಭರಣಿಯ ಮುಚ್ಚಳ ತೆಗೆದು ಒಂದು ಚಿಟಿಕೆ ಕೊಟ್ಟ. ಒಂದು ಚಿಟಿಕೆಯಿಂದ ಸ್ಮಾರಕ ಏನು ಸವೆಯುತ್ತದೆ ಎಂದುಕೊಂಡ.

ಅಲ್ಲಿಗೆ ಕಟ್ಟೆ ಒಡೆಯಿತು. ಬೋರಣ್ಣನ ಕೆಮ್ಮಿಗೆ ಲೇಹ್ಯದ ಭರಣಿ ಅರ್ಧವಾಯಿತು. ಹೊಟ್ಟೆನೋವಿನವರು ಐದನೆಯದನ್ನು ಮುಗಿಸಿದರು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಪೇಟೆಗೆಲ್ಲ ಹಬ್ಬಿ ಇನ್ನೂ ಇಪ್ಪತ್ತು ಜನ ಬಂದರು. ಕಣ್ಣು ಮಂಜಾದ ಕಲ್ಲೇಶಪ್ಪ ಮೇಷ್ಟ್ರು ಹಕೀಮರ ಕನ್ನಡಕ ಏರಿಸಿಕೊಂಡು ಸುತ್ತ ನೋಡಿದರು.

"ಅಯ್ಯೋ ಗೋಣೆಪ್ಪ, ಯಾವಾಗ ಇಷ್ಟು ಮುದುಕ ಆದ್ಯೋ?" ಎಂದು ಮರುಗಿ, ಕನ್ನಡಕದ ಸಮೇತ ಮನೆಗೆ ನಡೆದರು.

ಶಿವಗಂಗಮ್ಮ ಹಕೀಮರ ಊರುಗೋಲು ಊರಿಕೊಂಡು ಗಾಡಿ ಹತ್ತಿದಳು. ಸೊಂಟ ಹಿಡಿದ ಒಬ್ಬ ಗಾಣಿಗರವನನ್ನು ಕುರ್ಚಿಯಲ್ಲಿ ಕೂರಿಸಿ ನಾಲ್ವರು ಹೊತ್ತುಕೊಂಡು ಹೋದರು. ಚಪ್ಪಲಿ ಯಾರ ಕಾಲಿಗೆ ಸೇರಿದವೋ ಗೊತ್ತಾಗಲಿಲ್ಲ. ಗೋಣೆಪ್ಪನಿಗೆ ಊಟದ ನೆನಪೇ ಇರಲಿಲ್ಲ. ಚೂರ್ಣ ಮುಗಿದಂತೆಲ್ಲ ಅಟ್ಟದ ಮೇಲಿನ ಒಣ ಬೇರು ಇಳಿಸಿ ಅರೆಯುತ್ತಲೇ ಇದ್ದ. ಅರೆಯುವಾಗ ಮಾತ್ರ, ತುಂಬ ದಿನದ ಮೇಲೆ, ಅವನ ಮನಸ್ಸಿಗೆ ಹಾಯೆನಿಸಿತ್ತು.

ಗಲಾಟೆ ಕೇಳಿ ಅಖ್ತರ್‌ಬೀ ಪರದೆ ಸರಿಸಿ ನೋಡಿದರು. ಗೋಣೆಪ್ಪ ಅರೆಯುವುದು ಬಿಟ್ಟು ಎದ್ದ.

"ತಪ್ಪಾಯ್ತು ಅಮ್ಮಾರೆ. ಎಲ್ಲಾ ಖಾಲಿ ಆಗ್ತಾ ಐತೆ."

ಅಖ್ತರ್‌ಬೀ ಸೆರಗಿನಿಂದ ಕಣ್ಣೊರೆಸಿಕೊಂಡರು, ನಕ್ಕರು. "ಆಗ್ಲಿ ಬಿಡು. ಜಗಲಿ ಮೇಲೆ ಕೆಮ್ಮೋ ಸದ್ದು ಕೇಳಿ ಆರು ತಿಂಗಳಾಗಿತ್ತು. ಅವರು ಒಳಗೇ ಕೂತವ್ರೆ ಅನ್ನಿಸ್ತು" ಎಂದು, ಒಲೆಯ ಮೇಲೆ ಕುದಿಯುತ್ತಿದ್ದ ಕಷಾಯದ ಪಾತ್ರೆಯನ್ನೂ ತಂದಿಟ್ಟರು. ಕಲ್ಲುಬತ್ತನ್ನು ಕಡೆಗೆ ಅವರೇ ಪಕ್ಕದ ಮನೆಯ ಬಾಣಂತಿಗೆ ಕೊಟ್ಟು ಕಳಿಸಿದರು.

ಐದಕ್ಕೆ ಸರಿಯಾಗಿ ಅಮಲ್ದಾರರ ಜಟಕಾ ಬಂದು ನಿಂತಿತು. ನ್ಯಾಮತಿಯಿಂದ ಧಾವಿಸಿ ಬಂದಿದ್ದ ಮಹೇಶ್ವರಪ್ಪನವರು ಹಾರ ಹಿಡಿದು ಮುಂದೆ. ಅಮಲ್ದಾರರು ಶಿಸ್ತಿನ ಮನುಷ್ಯ. ಬೇಡಬೇಡವೆಂದರೂ ಕೇಳದೆ ತಾವೇ ಒಂದಾಣೆ ಹಾಕಿ, ನಲವತ್ತೊಂದನೇ ನಂಬರಿನ ಚೀಟಿ ಪಡೆದು ಒಳಗೆ ಹೋದರು.

ಒಳಗೆ ನಾಲ್ಕು ಗೋಡೆ, ಬಾಯಿ ತೆರೆದ ಹನ್ನೆರಡು ಭರಣಿ ಮತ್ತು 'ವಸ್ತುಗಳನ್ನು ಮುಟ್ಟಬಾರದು' ಎಂಬ ಫಲಕ.

"ಏನ್ರೀ ಇದು?" ಎಂದರು ಅಮಲ್ದಾರರು. "ಒಂದಾಣೆ ತೆಗೆದುಕೊಂಡು ಏನು ತೋರಿಸುತ್ತೀರಿ?"

ಮಹೇಶ್ವರಪ್ಪನವರ ಮುಖ ಸುಣ್ಣವಾಯಿತು. ಮೂಲೆಯಲ್ಲಿ ಗೋಣೆಪ್ಪ ಗೋಡೆಗೆ ಆತು ನಿಂತಿದ್ದ. ಅಂಗಿಯ ತುಂಬ ಚೂರ್ಣ, ಕೆನ್ನೆಗೆ ಲೇಹ್ಯ. ಉಗುರಿನಲ್ಲಿ ಇಪ್ಪತ್ತು ವರ್ಷದ ಅರಿಶಿನ. ಅಡಿಕೆ ವ್ಯಾಪಾರದಲ್ಲಿ ನುರಿತ ಬುದ್ಧಿ ಥಟ್ಟನೆ ಕೆಲಸ ಮಾಡಿತು.

"ಇಗೋ ಸ್ವಾಮಿ!" ಎಂದರು ಮಹೇಶ್ವರಪ್ಪನವರು, ಗೋಣೆಪ್ಪನ ರಟ್ಟೆ ಹಿಡಿದೆಳೆದು. "ಹಕೀಮರು ಇಪ್ಪತ್ತು ವರ್ಷ ಕೈಯಾರೆ ಉಪಯೋಗಿಸಿದ್ದು!"

ಅಮಲ್ದಾರರು ಒಂದು ಸುತ್ತು ಬಂದರು. ಕೈ ನೋಡಿದರು, ಉಗುರು ನೋಡಿದರು, ಮಂಡಿನೋವಿಗೆ ಏನು ಮದ್ದೆಂದು ಕೇಳಿದರು. ಗೋಣೆಪ್ಪ ತೊದಲುತ್ತ ಹೇಳಿದ.

"ಭೇಷ್! ಮಾತನಾಡುವ ಸ್ಮಾರಕ! ಇಂಥದ್ದು ಎಲ್ಲೂ ನೋಡಿರಲಿಲ್ಲ. ಒಂದಾಣೆ ಕಡಿಮೆಯೇ ಆಯಿತು" ಎಂದು ಭವನದ ವಸ್ತುಗಳ ಪಟ್ಟಿಯಲ್ಲಿ ಬರೆದುಕೊಂಡರು: ಗೋಣೆಪ್ಪ, ನಗ ಒಂದು.

ಜಟಕಾ ಹೋದ ಮೇಲೆ ಗೋಣೆಪ್ಪ ಕೈ ಮುಗಿದ. "ಸಾಹೇಬ್ರು ಒಪ್ಪಿದ್ರಲ್ಲ ಗೌಡ್ರೆ. ಆರು ರೂಪಾಯಿ ಕಾಯಂ ಆಯ್ತಲ್ಲ?"

"ಅದು ಟಿಕೀಟು ಕೊಡೋನಿಗೆ ಕಣೋ. ಅದಕ್ಕೆ ನಾಳೆಯಿಂದ ನನ್ನ ಅಳಿಯ ಮುರುಗೇಶಪ್ಪ ಬರ್ತಾನೆ. ಅಲ್ಲಲ್ಲ, ಈಗ್ಲೇ ಬಾಗಿಲಾಗೆ ಕೂತವ್ನೆ. ನೀನೀಗ ವಸ್ತು. ಆ ಕುರ್ಚಿಗೆ ಯಾವತ್ತಾದ್ರೂ ಸಂಬಳ ಕೊಟ್ಟಿದ್ವಾ?"

"ಹಂಗಾದ್ರೆ ನಾನು ಹೊನ್ನಾಳಿಗೇ ಹೋಗ್ತೀನಿ. ಗಾಣಾನೇ ವಾಸಿ."

"ಎಲ್ಲಿಗೋ ಹೋಗ್ತೀಯ? ಸರ್ಕಾರಿ ಪಟ್ಟಿಯಾಗೆ ಬರ್ಕೊಂಡವ್ರೆ. ಭವನದ ವಸ್ತು ಊರು ಬಿಟ್ರೆ ಕಳುವಾಯ್ತು ಅಂತ ಕೇಸು!"

ಗೋಣೆಪ್ಪ ಖಾಲಿ ಭರಣಿಗಳ ಪಕ್ಕ ಕೂತ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅಷ್ಟರಲ್ಲಿ ಹೊರಗೆ ಬಳೆ ಸದ್ದಾಯಿತು. ಅಂತರಘಟ್ಟಮ್ಮ ಬುತ್ತಿ ಗಂಟು ಹಿಡಿದು ಬಂದಿದ್ದಳು. ಬಿಸಿ ರೊಟ್ಟಿಯ ವಾಸನೆ ಕೋಣೆಯವರೆಗೂ ಬಂತು. ಇವತ್ತು ಕೆಲಸ ಕಾಯಂ ಆಗುವ ದಿನವೆಂದು ಬೆಣ್ಣೆಯನ್ನೂ ಇಟ್ಟಿದ್ದಳು.

ಬಾಗಿಲಲ್ಲಿ ಮುರುಗೇಶಪ್ಪ ಅಡ್ಡ ಕೈ ಹಿಡಿದ. "ಒಳಗೆ ಹೋಗಾಕೆ ಒಂದಾಣೆ ಕಣಮ್ಮ."

"ಒಳಗೆ ಏನೈತೆ ಅಂತ ಒಂದಾಣೆ?"

"ಗೋಣೆಪ್ಪ."

ಅಂತರಘಟ್ಟಮ್ಮ ಕತ್ತು ಚಾಚಿ ಗಂಡನನ್ನು ಮೇಲಿನಿಂದ ಕೆಳಗೆ ನೋಡಿದಳು. ಗೋಣೆಪ್ಪ ಆಸೆಯಿಂದ ಗಂಟನ್ನೇ ನೋಡಿದ.

"ಇದನ್ನಾ? ಮೂವತ್ತು ವರ್ಷ ಪುಕ್ಕಟೆ ನೋಡೇ ಸಾಕಾಗೈತೆ. ಕಾಸು ಬೇರೆ ಕೊಡ್ಬೇಕಾ?" ಎಂದು ಅವಳು ಬುತ್ತಿಯ ಸಮೇತ ಮನೆಯ ದಾರಿ ಹಿಡಿದಳು.